ತೊಟ್ಟು ಮುರಿಯದ ಕುಂಬಳಕಾಯಿ

ಮಾದಾಪುರದ ಮೆಟ್ರೊ ನಿಲ್ದಾಣದ ಕೆಳಗೆ ತರಕಾರಿ ಗಾಡಿಯವನು ಕುಂಬಳಕಾಯಿಯ ಮೇಲೆ ಚಾಕು ಇಟ್ಟು, "ಸಗಂ ಕೋಸಿ ಇಯ್ಯನಾ ಅನ್ನಾ?" ಎಂದ, ಅರ್ಧ ಕೊಯ್ದು ಕೊಡಲೇ ಎಂದು ತೆಲುಗಿನಲ್ಲಿ. ಶಾಂತಕುಮಾರ ಹೌಹಾರಿ ಎರಡೂ ಕೈ ಅಡ್ಡ ತಂದ. "ವದ್ದು, ವದ್ದು! ಮೊತ್ತಂ ಕಾವಾಲಿ." ಬೇಡ, ಇಡಿಯಾಗಿಯೇ ಬೇಕು ಎಂದ. ಇಬ್ಬರೇ ಉಣ್ಣುವ ಮನೆಗೆ ಅರ್ಧ ಕಾಯಿಯೇ ಹೆಚ್ಚು, ನಿಜ. ಆದರೆ ಬೇರೆಯವರ ಚಾಕು ತಾಗಿದ ಕುಂಬಳಕಾಯಿಯನ್ನು, ಬೆಳೆದು ನಿಂತ ಹೊಲಕ್ಕೆ ಎಡೆ ಕೊಡುವ ಸೀಗಿ ಹುಣ್ಣಿಮೆಯ ದಿನ, ಮನೆಯೊಳಗೆ ಒಯ್ಯುವುದು ಹೇಗೆ? ಇಡೀ ಕಾಯನ್ನೇ ಎತ್ತಿ, ತಿರುಗಿಸಿ, ತೊಟ್ಟು ಗಟ್ಟಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದ. ಇದು ಹೆಂಡತಿ ಸುವರ್ಣಾ ಕಲಿಸಿದ ಪರೀಕ್ಷೆ. ತೊಟ್ಟಿದ್ದ ಕಾಯಿ ಆರು ತಿಂಗಳು ಬಾಳುತ್ತದೆ, ತೊಟ್ಟು ಕಳಚಿದ್ದು ವಾರಕ್ಕೆ ಕೊಳೆಯುತ್ತದೆ. ಸಿಂದಗಿಯಲ್ಲಿ ಅವಳ ತಾಯಿ, ಅಂಬವ್ವ, ದಸರೆಗೆ ಕಿತ್ತ ಕಾಯನ್ನು ಯುಗಾದಿಯವರೆಗೆ ಜಂತಿಗೆ ತೂಗುಹಾಕುವವರು.

"ಏನ್ ಸಾರ್, ಗೃಹಪ್ರವೇಶನಾ? ಯಾರ ಬಾಗಿಲಿಗೆ ಒಡೀತೀರ?" ಜೊತೆಗಿದ್ದ ಮೋಹನ ಕೇಳಿದ. ಮೈಸೂರಿನವನು, ಇಬ್ಬರೂ ಒಂದೇ ಕಂಪನಿಯಲ್ಲಿ ಲಿಫ್ಟ್ ರಿಪೇರಿಗೆ ಇರುವವರು.

"ಬಾಗಲಕ್ಕಲ್ಲೋ ಮಾರಾಯ, ಹೊಟ್ಟಿಗೆ. ಮಗಳಿಗೆ ಮುದ್ದಿಪಲ್ಲೆ ಮಾಡಬೇಕು."

"ನೀವು? ಅಡುಗೆ?"

"ಯಾಕ, ಹದಿನಾಲ್ಕು ಮಾಳಗಿ ಲಿಫ್ಟ್ ಬಿಚ್ಚಿ ಕೂಡಸ್ತೀನಿ, ಒಂದು ಪಲ್ಲೆ ಆಗಂಗಿಲ್ಲೇನು?"

ಬಾಯಲ್ಲಿ ಹಾಗೆಂದನೇ ಹೊರತು ಉಪ್ಪಲ್‌ವರೆಗಿನ ದಾರಿಯುದ್ದಕ್ಕೂ, ಮಗುವಿನಂತೆ ತೊಡೆಯ ಮೇಲೆ ಕಾಯಿ ಕೂರಿಸಿಕೊಂಡು, ಆ ಪಲ್ಲೆಯ ಬಗ್ಗೆ ತನಗೇನು ಗೊತ್ತು ಎಂದು ನೆನೆದ. ಗೊತ್ತಿದ್ದದ್ದು ಒಂದೇ: ಮೊದಲ ಏಟು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದು, ಮನೆಯ ಗಂಡಸು ಸೀಳಿ ಕೊಡಬೇಕು. ಸುವರ್ಣಾ ನರ್ಸ್, ಆಪರೇಷನ್ ಕೋಣೆಯಲ್ಲಿ ನಿಂತು ಬಂದವಳು. ಆದರೂ ಪ್ರತಿ ವರ್ಷ ಈ ದಿನ ಸೊಪ್ಪು ಸೋಸಿಟ್ಟು, ಆಲೂಗಡ್ಡೆ ಬೇಯಲಿಟ್ಟು, ಇವನು ಡ್ಯೂಟಿ ಮುಗಿಸಿ ಬರುವವರೆಗೆ ಕುಂಬಳಕಾಯಿಯ ಮುಂದೆ ಕುಳಿತಿರುತ್ತಿದ್ದಳು. ಇವನು ಬೂಟು ಕಳಚುವ ಮೊದಲೇ, "ಬರ್ರಿ, ನಿಮ್ಮ ಕೆಲಸ ಮಾಡಿ ಕೊಟ್ಟು ಹೋಗ್ರಿ" ಎನ್ನುವಳು. ಒಂದು ಏಟು. ಅಷ್ಟೇ ಇವನ ಪಾಲು.

ಅವಳು ಕುವೈತಿನ ಆಸ್ಪತ್ರೆಗೆ ಹೋಗಿ ಒಂದೂವರೆ ವರ್ಷ. ಎರಡು ವರ್ಷದ ಕರಾರು. ಹೋದ ವರ್ಷದ ಸೀಗಿ ಹುಣ್ಣಿಮೆಯನ್ನು ಅಪ್ಪ ಮಗಳು ನೆನೆಯಲೂ ಇಲ್ಲ. ಈ ವರ್ಷ ಬೇಕೇಬೇಕಾಗಿತ್ತು. ಎಂಟು ವರ್ಷದ ನಿಖಿತಾ ಅಮ್ಮನೊಂದಿಗೆ ಮಾತು ಬಿಟ್ಟು ಅಂದಿಗೆ ಹದಿನೆಂಟು ದಿನ.

ತಪ್ಪು ಯಾರದೆಂದರೆ ಯಾರದೂ ಅಲ್ಲ. ದಸರೆಗೆ ಬಂದೇ ಬರುತ್ತೇನೆ ಎಂದು ಸುವರ್ಣಾ ಹೇಳಿದ್ದಳು. ನಿಖಿತಾ ಆ ಮಾತನ್ನು ಇಡೀ ಅಪಾರ್ಟ್‌ಮೆಂಟಿಗೆ ಹಂಚಿದ್ದಳು. ದಸರೆಗೆ ಹೂವಿನ ಗೋಪುರ ಕಟ್ಟಿ ಬತುಕಮ್ಮ ಆಡುವ ಹುಡುಗಿಯರಿಗೆಲ್ಲ, "ನಮ್ಮಮ್ಮ ವಸ್ತುಂದಿ, ಮಾದೇ ಪೆದ್ದ ಬತುಕಮ್ಮ" ಎಂದು, ಅಮ್ಮ ಬರುತ್ತಾಳೆ, ನಮ್ಮದೇ ಎಲ್ಲಕ್ಕಿಂತ ದೊಡ್ಡದು ಎಂದು ಸಾರಿದ್ದಳು. ಕೊನೆಯ ಗಳಿಗೆಯಲ್ಲಿ ಅಲ್ಲಿ ಇನ್ನೊಬ್ಬ ನರ್ಸ್ ಜ್ವರಕ್ಕೆ ಬಿದ್ದು ಇವಳ ರಜೆ ರದ್ದಾಯಿತು. ಅಂದಿನಿಂದ ಸಂಜೆ ಫೋನ್ ಬಂದರೆ ಹುಡುಗಿ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಾಳೆ. ನಲ್ಲಿ ಬಿಡುತ್ತಾಳೆ, ಆ ಕಡೆಯಿಂದ ಕರೆಯುವ ದನಿ ಕೇಳಿಸಬಾರದೆಂದು.

ಕೆಳಗಿನ ಮನೆಯ ಗಂಗೂಬಾಯಿ ಬೀದರಿನವರು. ಶಾಲೆ ಬಿಟ್ಟ ಮೇಲೆ ನಿಖಿತಾ ಇರುವುದು ಅವರಲ್ಲಿಯೇ. ಬಾಗಿಲಲ್ಲಿ ಕಾಯಿ ನೋಡಿದವರೇ, "ಅಬ್ಬಾ, ಇದೇನ್ ಕುಂಬಳಕಾಯಿ ಅದನೋ, ನಿನ್ನ ಹೊಟ್ಟಿನೋ?" ಎಂದರು. "ಹೇಳಿದ್ರ ನಾನೇ ಮಾಡಿ ಕೊಡ್ತಿದ್ನಲ್ಲಪ್ಪ."

"ನೀವು ಮಾಡಿದ್ರ ನಿಮ್ಮ ಮನಿದಾಗ್ತೈತ್ರಿ ಅಕ್ಕಾ" ಎಂದು ಶಾಂತಕುಮಾರ ನಕ್ಕ. ಗಂಗೂಬಾಯಿ ನಗಲಿಲ್ಲ. ನಿಖಿತಾಳ ಬೆನ್ನ ಮೇಲೆ ಕೈಯಾಡಿಸಿ, "ಹೋಗವ್ವ, ನಿಮ್ಮಪ್ಪಗ ಸ್ವಲ್ಪ ಬುದ್ಧಿ ಹೇಳು" ಎಂದು ಕಳಿಸಿದರು.

ಮೊದಲ ಏಟು ಸಲೀಸಾಗಿ ಬಿತ್ತು. ಕಾಯಿ ಎರಡಾಗಿ, ಒಳಗಿನ ಕೇಸರಿ ಬಣ್ಣ ಅಡುಗೆಮನೆಯ ಟ್ಯೂಬ್‌ಲೈಟಿಗೆ ಹೊಳೆಯಿತು. ಅಲ್ಲಿಗೆ ಆತನ ವಿದ್ಯೆ ಮುಗಿಯಿತು. ಹೋಳು ಮಾಡಿದ, ಆಲೂಗಡ್ಡೆ ಕತ್ತರಿಸಿದ, ಮೆಂತೆ, ಪಾಲಕ್, ರಾಜಗಿರಿ ತೊಳೆದ, ಎಲ್ಲವನ್ನೂ ಕುಕ್ಕರಿಗೆ ತುಂಬಿ ಚೊಂಬು ನೀರು ಸುರಿಯಲು ಹೋದ.

ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ ನಿಖಿತಾ ಇನ್ನು ತಡೆಯಲಾರದೆ, "ಪಪ್ಪಾ! ಎಲ್ಲಾ ಕೂಡೇ ಹಾಕ್ತಾರೇನು?" ಎಂದಳು.

"ಹಾಕಂಗಿಲ್ಲ?"

"ಬಟಾಟಿ ಮೊದ್ಲು. ಅದು ಅರ್ಧ ಬೆಂದಿಂದ ಕುಂಬಳಕಾಯಿ. ಕುಂಬಳಕಾಯಿಗೆ ನೀರು ಬ್ಯಾಡ, ಅದ ಬಿಡತೈತಿ. ತೊಪ್ಪಲಾ ಬ್ಯಾರೆ, ಬಳ್ಳೊಳ್ಳಿ ಕೂಡ ಬಾಡಸಬೇಕು. ಅಮ್ಮ ಹಂಗ ಮಾಡಾಕಿ."

ಹದಿನೆಂಟು ದಿನದಲ್ಲಿ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಶಾಂತಕುಮಾರ ಕೇಳಿಸಿಕೊಳ್ಳದವನಂತೆ ಕುಕ್ಕರಿನಿಂದ ಸೊಪ್ಪನ್ನೂ ಕುಂಬಳಕಾಯಿಯನ್ನೂ ಹೊರಗೆ ತೆಗೆದ. ನೆಲಮಾಳಿಗೆಯಿಂದ ಮೇಲಕ್ಕೆ ಬರುವ ಲಿಫ್ಟಿಗೆ ನಡುವೆ ಯಾರೂ ಬಟನ್ ಒತ್ತಬಾರದು, ಅದು ಆತನಿಗೆ ಗೊತ್ತಿತ್ತು.

ಬೆಂದ ಆಲೂಗಡ್ಡೆ, ಕುಂಬಳಕಾಯಿಯನ್ನು ಕಡಗೋಲಿನಿಂದ ಮಸೆಯತೊಡಗಿದ. ಮಗಳು ಬಾಡಿದ ಸೊಪ್ಪನ್ನು ಹಿಡಿಹಿಡಿಯಾಗಿ ಬಿಟ್ಟಳು. ಹಳದಿಯ ನಡುವೆ ಹಸಿರು ಎಳೆಎಳೆಯಾಗಿ ಹರಡಿತು. ಬೆಳ್ಳುಳ್ಳಿಯ ಘಮ ಎದ್ದಿತು. ಕಡಗೋಲಿನ ತುದಿಗೆ ಅಂಟಿದ್ದನ್ನು ಆತ ಬೆರಳಿಂದ ತೆಗೆದು ಬಾಯಿಗೆ ಒಯ್ಯುವಷ್ಟರಲ್ಲಿ ಮೊಣಕೈಗೆ ಚಟ್ಟೆಂದು ಪೆಟ್ಟು ಬಿತ್ತು.

"ಚರಗ ಚೆಲ್ಲೂಮಟಾ ಯಾರೂ ರುಚಿ ನೋಡಬಾರದು! ಭೂಮಿ ಮೊದ್ಲು ಉಣ್ಣಬೇಕು. ಆಕಿ ಬಸುರಿ ಅದಾಳ, ಆಕಿಗೆ ಬಯಕಿ ಇರತಾವು."

"ಮತ್ತ ಉಪ್ಪು ಹೆಂಗ ನೋಡೋದು?"

ಪಲ್ಲೆಯ ಎಲ್ಲ ಗುಟ್ಟು ಬಲ್ಲ ಹುಡುಗಿಗೆ ಅದೊಂದು ಗೊತ್ತಿರಲಿಲ್ಲ. ಸುವರ್ಣಾ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದಳು, ಸುರಿಯುತ್ತಿದ್ದಳು, ಮುಗಿಯಿತು. ಎಂದೂ ತಪ್ಪಿದ್ದಿಲ್ಲ.

ಆಗಲೇ ಫೋನ್ ಬಂತು. ಏಳೂವರೆ, ಅಲ್ಲಿ ಸಂಜೆ ಐದು, ಡ್ಯೂಟಿ ಮುಗಿಸಿ ರೂಮಿಗೆ ಬಂದಿರುವ ಹೊತ್ತು. ನಿಖಿತಾ ಕಟ್ಟೆಯಿಂದ ಧುಮುಕಿದಳು, ಆದರೆ ಬಚ್ಚಲಿಗೆ ಓಡಲಿಲ್ಲ. ಫ್ರಿಜ್ಜಿನ ಮರೆಗೆ ನಿಂತು, "ನೀವ ಕೇಳ್ರಿ" ಎಂದು ಪಿಸುಗುಟ್ಟಿದಳು.

ಶಾಂತಕುಮಾರ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಸುವರ್ಣಾ ಇನ್ನೂ ಸಮವಸ್ತ್ರದಲ್ಲಿಯೇ ಇದ್ದಳು. ಮೊದಲು ಅವಳ ಕಣ್ಣು ಹುಡುಕಿದ್ದು ಯಾರನ್ನೆಂದು ಆತನಿಗೆ ಗೊತ್ತು. "ಉಪ್ಪು ಎಷ್ಟು ಹಾಕಬೇಕು?" ಎಂದು ಕೇಳಿದ.

"ಅಯ್ಯ, ಅದನ್ನ ಹೆಂಗ ಹೇಳ್ಲಿರಿ? ಕೈಗೆ ಗೊತ್ತಿರತೈತಿ." ಅಂಗೈ ಗುಳಿ ಮಾಡಿ ತೋರಿಸಿದಳು. "ಇಷ್ಟು."

"ನನ್ನ ಕೈಲೆ?"

"ನಿಮ್ಮ ಕೈಲೆ ಬ್ಯಾಡ್ರಿ, ಅದು ಮೊರ ಇದ್ದಂಗೈತಿ. ಪಲ್ಲೆ ಸಮುದ್ರ ಆಕ್ಕೈತಿ." ದನಿ ತಗ್ಗಿಸಿ ಹೇಳಿದಳು, "ಅಲ್ಲಿ ಬ್ಯಾರೆ ಕೈ ಯಾವುದಾರ ಇದ್ರ ನೋಡ್ರಿ."

ಕಡಗೋಲು ನಿಂತಿತು. ಫ್ರಿಜ್ಜಿನ ಮರೆಯಿಂದ ಯಾರೂ ಬರಲಿಲ್ಲ. ಶಾಂತಕುಮಾರ ಇನ್ನೇನು ಬೇರೆ ಮಾತು ತೆಗೆಯಬೇಕು, ಅಷ್ಟರಲ್ಲಿ ಫೋನಿನ ಪಕ್ಕದಿಂದ ಒಂದು ಪುಟ್ಟ ಅಂಗೈ ಚಾಚಿತು. ಮುಖವಿಲ್ಲ, ಮಾತಿಲ್ಲ. ಬರೀ ಕೈ, ಗುಳಿ ಮಾಡಿಕೊಂಡು.

ಸುವರ್ಣಾ ಆ ಕೈಯನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನೆಟ್‌ವರ್ಕ್ ಹೋಯಿತೇನೋ ಎಂದು ಶಾಂತಕುಮಾರನಿಗೆ ಅನ್ನಿಸಿತು.

"ಎರಡು ಅಂತ ಹೇಳಾಕ ಹೊಂಟಿದ್ದೆ" ಎಂದಳು ಕೊನೆಗೆ. "ನಾ ಬರೋವಾಗ ನನ್ನ ಒಂದು ಕೈಗೆ ನಿನ್ನವು ಎರಡು ಹಿಡೀತಿದ್ವು. ಈಗ ಒಂದೂವರಿ ಸಾಕು. ಕೈ ಬೆಳದಾವಲ್ಲ."

ಮರೆಯಿಂದ ಸಿಡುಕಿನ ದನಿ ಬಂತು: "ಅರ್ಧ ಹೆಂಗ ಹಿಡೀಲಿ? ಕೈ ಏನ್ ಚಮಚಾ ಏನು?"

"ಮೊದ್ಲು ತುಂಬ ಹಿಡಿ. ಆಮ್ಯಾಲ ಬೆರಳು ಸಡ್ಲ ಬಿಡು, ಅರ್ಧ ತಾನ ಸೋರಿ ಹೊಕ್ಕೈತಿ."

ನಿಖಿತಾ ಉಪ್ಪು ಹಿಡಿದಳು, ಸೋರಿಸಿದಳು, ಪಾತ್ರೆಗೆ ಸುರಿದಳು. ಸುರಿಯುತ್ತ ಸುರಿಯುತ್ತ ಪರದೆಯ ಮುಂದೆ ಬಂದು ನಿಂತಿದ್ದಳು. ತಾಯಿಯ ಮುಖ ನೋಡದೆ, ಹಿಂದಿನ ಗೋಡೆ ನೋಡುತ್ತ ಕೇಳಿದಳು, "ನೀ ಏನ್ ಉಣ್ಣಾಕಿ ಇವತ್ತ?"

ಸುವರ್ಣಾ ಫೋನ್ ತಿರುಗಿಸಿದಳು. ಕಿಟಕಿಯ ಅಂಚಿನಲ್ಲಿ, ನೀಲಿ ಸಾಬೂನು ಪುಡಿಯ ಡಬ್ಬಿಯ ಪಕ್ಕ, ಒಂದು ಸಣ್ಣ ಕುಂಬಳಕಾಯಿ ಕುಳಿತಿತ್ತು. ಇಡಿಯಾಗಿ.

"ಎಂಟು ದಿನ ಆತು ತಂದು. ಇಲ್ಲಿ ಹೋಳು ಮಾಡಿದ್ದ ಸಿಗತೈತಿ ಪಾಕೀಟಿನ್ಯಾಗ. ಇಡೀದು ಕಂಡ್ತು, ತಗೊಂಡ್ಬಿಟ್ಟೆ. ತಂದಿಂದ ನೆನಪಾತು, ಹೆಚ್ಚೋರು ಯಾರು ಅಂತ. ಕೋಣ್ಯಾಗಿನ ಕೇರಳದ ಹುಡುಗಿ ದಿನಾ ನಗ್ತಾಳ. ಸಿಸ್ಟರ್, ಎರಡು ನಿಮಿಷ ಕೊಡು, ನಾ ಕತ್ತರಿಸ್ತೀನಿ ಅಂತಾಳ."

ಶಾಂತಕುಮಾರ ಗಟ್ಟಿಯಾಗಿ, "ನೀನ ಹೆಚ್ಚಿ ಬಿಡು, ಏನಾಗಂಗಿಲ್ಲ. ನಾ ಇಲ್ಲಿಂದ ಹ್ಞೂಂ ಅಂತೀನಿ. ಚಾಕು ಹಿಡಿ" ಎಂದ.

ಸುವರ್ಣಾ ನಿಜಕ್ಕೂ ಚಾಕು ತಂದಳು. ಕಾಯಿಯ ಮೇಲೆ ಇಟ್ಟಳು.

"ಹೆಚ್ಚಬ್ಯಾಡ!" ನಿಖಿತಾ ಚೀರಿದಳು. ಹದಿನೆಂಟು ದಿನದ ನಂತರ ತಾಯಿಯ ಕಣ್ಣಲ್ಲಿ ಕಣ್ಣಿಟ್ಟಿದ್ದಳು. "ತೊಟ್ಟು ಐತೇನು ಅದಕ್ಕ?"

"ಐತಿ."

"ತೋರಿಸು. ಹತ್ರ ತಾ. ಗಟ್ಟಿ ಐತೇನು, ಒತ್ತಿ ನೋಡು."

"ಗಟ್ಟಿ ಐತೆವ್ವ. ಯಾಕ?"

"ನೀ ಯಾವಾಗ ಬರ್ತಿ?"

ಇದೇ ಪ್ರಶ್ನೆಗೆ ಶಾಂತಕುಮಾರ ಹೆದರಿದ್ದ. ಹೇಳಬೇಡ, ದಿನ ಹೇಳಬೇಡ ಎಂದು ಹೆಂಡತಿಗೆ ಕಣ್ಣಲ್ಲೇ ಬೇಡಿಕೊಂಡ. ಸುವರ್ಣಾ ಚಾಕು ಕೆಳಗಿಟ್ಟಳು.

"ಸಂಕ್ರಾಂತಿಗೆ ರಜಾ ಬರದು ಕೊಟ್ಟೀನಿ. ಕೊಡ್ತಾರೋ ಇಲ್ಲೋ ಗೊತ್ತಿಲ್ಲ ಪುಟ್ಟಾ. ಈ ಸಲ ಬಂದ ಬರ್ತೀನಿ ಅಂತ ಅನ್ನಂಗಿಲ್ಲ. ಸಂಕ್ರಾಂತಿಗಿ ಇಲ್ಲಂದ್ರ ಯುಗಾದಿಗಿ. ಅಷ್ಟರಾಗ ಕರಾರು ಮುಗೀತೈತಿ. ಆಮ್ಯಾಲ ಯಾರೂ ತಡ್ಯಾಕ ಬರಂಗಿಲ್ಲ."

ಹುಡುಗಿ ಬಚ್ಚಲ ಕಡೆ ತಿರುಗಿ ನೋಡಿದಳು. ಶಾಂತಕುಮಾರ ಕಡಗೋಲನ್ನು ಬಿಗಿಯಾಗಿ ಹಿಡಿದ. ಆದರೆ ಅವಳು ಬೆರಳು ಮಡಚುತ್ತಿದ್ದಳು, ಕಾರ್ತೀಕದಿಂದ ಒಂದೊಂದೇ ತಿಂಗಳು. ಐದೂ ಬೆರಳು ಮುಗಿದು ಎಣಿಕೆ ಇನ್ನೊಂದು ಕೈಗೆ ದಾಟಿತು, ಅಲ್ಲಿಗೆ ನಿಂತಿತು.

"ಅಜ್ಜಿ ಆರು ತಿಂಗಳು ಇಡ್ತಾಳ. ತೊಟ್ಟು ಇದ್ರ ಏನೂ ಆಗಂಗಿಲ್ಲ. ಹಂಗ ಇಟ್ಟಿರು. ಬರೋವಾಗ ತಗೊಂಡ್ಬಾ, ಪಪ್ಪಾ ಒಡೀತಾರ."

"ವಿಮಾನದಾಗ ಕುಂಬಳಕಾಯಿ ತರ್ಲ್ಯಾ?"

"ಅಜ್ಜಿ ಸಿಂದಗಿಯಿಂದ ಬಸ್ಸಿನ್ಯಾಗ ತರಂಗಿಲ್ಲೇನು?"

ಸುವರ್ಣಾ ನಗಲು ಹೋಗಿ ಮುಖಕ್ಕೆ ಸೆರಗಿಲ್ಲದ್ದಕ್ಕೆ ಸಮವಸ್ತ್ರದ ತೋಳನ್ನೇ ಒತ್ತಿಕೊಂಡಳು.

ಮೂವರೂ ಚರಗ ಚೆಲ್ಲಲು ಹೋದರು, ಒಬ್ಬಳು ಫೋನಿನಲ್ಲಿ. ಊರಿನಲ್ಲಾದರೆ ಹಾಡುಹಗಲೇ ಜೋಳದ ಹೊಲದಲ್ಲಿ ನಡೆಯಬೇಕಾದದ್ದು. ಇಲ್ಲಿ ಮಹಡಿಯ ಮೇಲೆ, ಗಂಗೂಬಾಯಿಯವರ ಬದನೆ ಕುಂಡಗಳಿಗೆ, ಬೆಳದಿಂಗಳಲ್ಲಿ. ದೂರದಲ್ಲಿ ಮೆಟ್ರೊ ಬೆಳಕಿನ ಸಾಲಾಗಿ ಡಿಪೋದ ಕಡೆ ಹೊರಳಿತು. ನಿಖಿತಾ ಒಂದೊಂದು ಕುಂಡದ ಬುಡಕ್ಕೂ ಚಿಟಿಕೆ ಚಿಟಿಕೆ ಮುದ್ದಿಪಲ್ಲೆ ಇಟ್ಟಳು. ಕೊನೆಯ ಕುಂಡಕ್ಕೆ ಎರಡು ಸಲ ಇಟ್ಟಳು.

ಅಲ್ಲಿಯೇ ಕುಳಿತು ಉಂಡರು. ಆ ಕಡೆ ಸುವರ್ಣಾ ಅಲ್ಲಿನ ಒಣ ಖುಬ್ಬೂಸ್ ರೊಟ್ಟಿಯ ತುಂಡೊಂದನ್ನು ಮುರಿದು ಕೈಯಲ್ಲಿ ಹಿಡಿದುಕೊಂಡು ಇವರ ತಟ್ಟೆ ನೋಡುತ್ತಿದ್ದಳು.

"ಉಪ್ಪು ಹೆಂಗಾಗೇತಿ?"

ನಿಖಿತಾ ಬಾಯಲ್ಲಿ ತುತ್ತು ಹೊರಳಿಸಿ, ಯೋಚಿಸಿ, "ಚೂರು ಕಡಿಮಿ" ಎಂದಳು. "ನೀನ ಬಂದು ಹಾಕು."

ಶಾಂತಕುಮಾರನ ನಾಲಗೆಗೆ ಉಪ್ಪು ಸರಿಯಾಗಿಯೇ ಇತ್ತು, ಪ್ರತಿ ವರ್ಷದಷ್ಟೇ. ಆತ ಇನ್ನೊಂದು ತುತ್ತು ಕಲೆಸಿದ.

ಮರುದಿನ ಏಳೂವರೆಗೆ ಫೋನ್ ಬಂದಾಗ ಆತ ಬೂಟಿನ ದಾರ ಬಿಚ್ಚುತ್ತಿದ್ದ. ಎದ್ದು ಬರುವಷ್ಟರಲ್ಲಿ ಎತ್ತಿಕೊಂಡಾಗಿತ್ತು. ಊಟ ಆಯಿತೇ ಎಂದಿಲ್ಲ, ಹೇಗಿದ್ದೀ ಎಂದಿಲ್ಲ.

"ಅಮ್ಮಾ, ತೊಟ್ಟು ತೋರಿಸು" ಎನ್ನುತ್ತಿದ್ದಳು ನಿಖಿತಾ.