ಸದಖಾ ಚಿಕ್ಕಪ್ಪನ ಹೂಜಿ

ಅತಿಥಿ ನಿಂತಿರುವಾಗ ಸದಖಾ ಚಿಕ್ಕಪ್ಪ ಕೂತದ್ದನ್ನು ನಾನು ಕಂಡಿಲ್ಲ. ಒಂಬೈನೂರು ಕೋಣೆಗಳ ಹೋಟೆಲಿನ ಮೊಗಸಾಲೆಯಲ್ಲಿ ಯಾರಾದರೊಬ್ಬ ಅತಿಥಿ ಸದಾ ನಿಂತೇ ಇರುವುದರಿಂದ, ಅವರು ಕೂತದ್ದನ್ನೇ ಕಂಡಿಲ್ಲವೆಂದರೂ ನಡೆದೀತು. ಎಪ್ಪತ್ತರ ಹತ್ತಿರದ ವಯಸ್ಸು, ಬಲಗಾಲು ತುಸು ಗಿಡ್ಡ. ಅಮೃತಶಿಲೆಯ ನೆಲದ ಮೇಲೆ ಅವರ ಒಂದು ಹೆಜ್ಜೆ ಗಟ್ಟಿಯಾಗಿಯೂ ಮತ್ತೊಂದು ಮೆತ್ತಗೂ ಕೇಳಿಸುತ್ತಿತ್ತು. ಆ ಸದ್ದು ಹತ್ತಿರವಾದರೆ ಯಾರೋ ಒಬ್ಬ ಯಾತ್ರಿಕನ ಕೈಗೆ ನೀರು ಬರಲಿದೆ ಎಂದು ರಿಸೆಪ್ಷನ್ನಿನಲ್ಲಿದ್ದ ನನಗೆ ತಲೆಯೆತ್ತದೆಯೇ ತಿಳಿಯುತ್ತಿತ್ತು.

ಮಕ್ಕಾದ ಹಳೆಯ ಆತಿಥೇಯನಂತೆ ಬಾಗಿಲಲ್ಲಿ ನಿಲ್ಲಲೆಂದು ಹೋಟೆಲಿನವರು ಅವರನ್ನು ನೇಮಿಸಿಕೊಂಡಿದ್ದರು. ನೌಕರರಿಗೆಲ್ಲ ಅವರು ಚಿಕ್ಕಪ್ಪ. ಜರಿಯಂಚಿನ ನಿಲುವಂಗಿ ಹೊಲಿಸಿ, ಟೋಪಿಯಂತೆ ಒಮ್ಮೆಗೇ ತಲೆಗಿಡಬಹುದಾದ ಸಿದ್ಧ ಪೇಟವೊಂದನ್ನೂ ಕೊಟ್ಟಿದ್ದರು. ನಿಲುವಂಗಿಯನ್ನು ಅವರು ಒಪ್ಪಿದರು, ಪೇಟವನ್ನು ಒಪ್ಪಲಿಲ್ಲ. "ಇದನ್ನ ಗೊಂಬೆ ತಲೆಗಿಡಿ. ನನ್ನ ತಲೆ ಇನ್ನೂ ಬದುಕಿದೆ" ಎಂದು, ತಮ್ಮ ತಂದೆಯ ಕಾಲದ ಕಿತ್ತಳೆ ಕಸೂತಿಯ ಬಟ್ಟೆಯನ್ನು ದಿನಾ ಬೆಳಿಗ್ಗೆ ನೌಕರರ ಕೋಣೆಯ ಕನ್ನಡಿಯ ಮುಂದೆ ಸುತ್ತಿಕೊಳ್ಳುತ್ತಿದ್ದರು.

ನಿಜಕ್ಕೂ ಅವರು ಆತಿಥೇಯರ ವಂಶದವರೇ. ಮಸೀದಿಯ ಪಕ್ಕದ ಶಾಮಿಯ್ಯಾ ಕೇರಿಯಲ್ಲಿ ಅವರದು ಐದಂತಸ್ತಿನ ಮನೆ, ಮರದ ಜಾಲರಿಯ ಕಿಟಕಿಗಳು. ನಾಲ್ಕು ತಲೆಮಾರು ಸುಮಾತ್ರಾದ ಯಾತ್ರಿಕರೆಲ್ಲ ಇಳಿದುಕೊಳ್ಳುತ್ತಿದ್ದುದು ಅಲ್ಲಿಯೇ. ಹಜ್ ಹತ್ತಿರವಾದರೆ ಮನೆಮಂದಿಯೆಲ್ಲ ಕೋಣೆಗಳನ್ನು ಬಿಟ್ಟುಕೊಟ್ಟು ಮಾಳಿಗೆಗೆ ಹತ್ತುವರು. ತಾತ ಇಳಿದ ಮನೆಯಲ್ಲೇ ಮಗ, ಮಗ ಇಳಿದಲ್ಲೇ ಮೊಮ್ಮಗ. ಮುಂದೆ ಮನೆ ಹೋಯಿತು, ಬೀದಿ ಹೋಯಿತು, ಬೀದಿಯ ಹಿಂದಿನ ಗುಡ್ಡವೂ ಹೋಯಿತು, ಆ ಜಾಗದಲ್ಲಿ ನಮ್ಮ ಹೋಟೆಲ್ ಎದ್ದಿತು. ಅದರ ಬಗ್ಗೆ ಅವರು ಗೊಣಗಿದ್ದು ನನಗೆ ನೆನಪಿಲ್ಲ. ಲಿಫ್ಟಿನ ಬಾಗಿಲು ಮುಚ್ಚುವಾಗ ಮಾತ್ರ ಒಮ್ಮೊಮ್ಮೆ ನಗುತ್ತಿದ್ದರು: "ನೋಡು, ಅತಿಥೀನ ನುಂಗ್ತು. ಎಲ್ಲಿ ಉಗುಳುತ್ತೋ ಏನೋ!"

ಹಳೆಯ ಮನೆಯಿಂದ ಅವರು ಹೋಟೆಲಿಗೆ ತಂದದ್ದು ಎರಡು ಅಭ್ಯಾಸ. ಮೊದಲನೆಯದು ಹೂಜಿ. ಮಣ್ಣಿನ ಹೂಜಿಯನ್ನು ಕೆಂಡದ ಮೇಲೆ ಬೋರಲು ಹಿಡಿದು, ಮಸ್ತಕಿ ಎಂಬ ಪರಿಮಳದ ಮರದಂಟಿನ ಹೊಗೆ ಕುಡಿಸಿ, ಅದರಲ್ಲಿ ಪವಿತ್ರ ಬಾವಿಯ ನೀರಾದ ಝಮ್‌ಝಮ್ ತುಂಬಿ ತಂಪಾಗಿಡುವರು. ಎರಡನೆಯದು ಒಂದು ಪ್ರಶ್ನೆ. ನಾವು ಪಾಸ್‌ಪೋರ್ಟ್ ಕೇಳುವ ಮೊದಲೇ ಅವರು ನೀರು ಕೊಟ್ಟು, "ನಿಮ್ಮ ತಾತನ ಹೆಸರೇನು?" ಎನ್ನುವರು. ಕೆಲವರು ನಗುವರು, ಕೆಲವರು ಗಾಬರಿಯಾಗುವರು. ಇವರ ಮುಖದಲ್ಲಿ ಮಾತ್ರ ಪ್ರತಿಸಲವೂ ಅದೇ ಹೊಸ ಆಸೆ.

ಹಜ್‌ಗೆ ಒಂದು ವಾರವಿದ್ದಾಗ ಆ ಪ್ರಶ್ನೆಗೆ ಉತ್ತರ ಬಂತು. ಸುಮಾತ್ರಾದ ರೊಸ್ಮಾನಿ ಎಂಬ ವೃದ್ಧೆ, ಜೊತೆಗೆ ಮಗ ಇರ್ವಾನ್. ಮಂಡಿ ಹಿಡಿದುಹೋದ ತಾಯಿಗೆ ಕಿಟಕಿಯಿಂದಲೇ ಕಾಬಾ ಕಾಣಲೆಂದು ಮಗ ಇಪ್ಪತ್ತೊಂದನೆಯ ಮಹಡಿಯ ಕೋಣೆ ಕಾದಿರಿಸಿದ್ದ. ಆದರೆ ಅಲ್ಲಿದ್ದವರು ಇನ್ನೂ ತೆರವು ಮಾಡಿರಲಿಲ್ಲ. "ಒಂದು ಗಂಟೆ ಅಷ್ಟೇ" ಎಂದು ನಾನು ನಾಲ್ಕು ಸಲ ಹೇಳಿದ್ದೆ. ಮಗ ಇಳಿಹೊತ್ತಿನ ಅಸರ್ ನಮಾಜಿಗೆ ಹೋದ. ಎಲ್ಲ ಕುರ್ಚಿಗಳೂ ತುಂಬಿದ್ದ ಮೊಗಸಾಲೆಯಲ್ಲಿ ತಾಯಿ ಕಂಬಕ್ಕೊರಗಿ ನಿಂತಿದ್ದಳು.

ಬಾಲ್ಯದಲ್ಲಿ ಅತಿಥಿಗಳಿಂದಲೇ ಕಲಿತ ಅವಳ ಭಾಷೆಯಲ್ಲಿ ಚಿಕ್ಕಪ್ಪ ಕೇಳಿದರು. ತಾತನ ಹೆಸರು ಅವಳಿಗೆ ನೆನಪಿರಲಿಲ್ಲ. ತಂದೆಯ ಹೆಸರು ಹೇಳಿದಳು: ಮಾರಾ ಸೂತನ್.

ಚಿಕ್ಕಪ್ಪ ಖುಷಿಯಲ್ಲಿ ಅವಳ ಭಾಷೆಯನ್ನೂ ನಮ್ಮದನ್ನೂ ಬೆರೆಸಿ ಕೂಗಿದರು. "ನಮ್ಮೂಟಕ್ಕೆ ಖಾರ ಇಲ್ಲ ಅಂತ ಮಾಳಿಗೇಲಿ ಮೆಣಸಿನ ಗಿಡ ನೆಟ್ಟು ಹೋದ್ರಲ್ಲ, ಆ ಮಾರಾ ಸೂತನ್ನಾ? ಅಮ್ಮಾ, ಆ ಗಿಡದ ಬೀಜದ ಬೀಜದ ಬೀಜ ಇವತ್ತಿಗೂ ನಮ್ಮನೇಲಿದೆ!"

ನೇರ ನನ್ನ ಬಳಿ ಬಂದರು. "ಕೋಣೆ ಎಲ್ಲಿ?"

"ಕ್ಲೀನ್ ಆಗ್ತಿದೆ ಚಿಕ್ಕಪ್ಪಾ."

"ಮಗಾ, ಅತಿಥಿ ನಿಂತಿದಾರೆ, ನೀನು ಕೂತಿದೀಯ. ಇದ್ಯಾವ ಕಾಯಿಲೆ ನಿಂಗೆ?" ಆಮೇಲೆ ದನಿ ತಗ್ಗಿಸಿ, "ನನ್ನ ಪಾಳಿ ಮುಗೀತು. ಇವರನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಮಗ ಬಂದ್ರೆ ಹೇಳು, ತಾಯಿ ಸದಖಾನ ಮನೇಲಿದಾರೆ, ಸಂಜೆ ಮಗ್ರಿಬ್ ನಮಾಜು ಮುಗಿಸಿ ಬರ್ತಾರೆ ಅಂತ. ಮರೀಬೇಡ."

"ಆಯ್ತು" ಎಂದೆ. ಶಾಮಿಯ್ಯಾದ ಕಾಲದಲ್ಲಿ ಅಷ್ಟು ಸಾಕಾಗಿತ್ತು. ಸದಖಾನ ಮನೆಯೆಂದರೆ ಬೀದಿಯ ಬೆಕ್ಕು ಕೂಡ ದಾರಿ ತೋರಿಸುತ್ತಿತ್ತು. ಈಗ ಅವರ ಮನೆ ಊರಾಚೆ ಶರಾಯಿ ಎಂಬ ಬಡಾವಣೆಯ ಒಂದು ಬಾಡಿಗೆ ಮಹಡಿ ಎಂಬುದನ್ನು ಆ ಖುಷಿಯಲ್ಲಿ ಅವರೇ ಮರೆತಿದ್ದರೇನೋ.

ಇರ್ವಾನ್ ಬಂದವನೇ ತಾಯಿಯನ್ನು ಕಾಣದೆ ಕಂಗಾಲಾದ. ಅವನ ಕೂಗಿಗೆ ಮ್ಯಾನೇಜರ್ ಓಡಿಬಂದರು, ಅವರ ಹಿಂದೆ ಇಬ್ಬರು ಪೊಲೀಸರು. ಅತಿಥಿಯನ್ನು ಬೇರೆಡೆಗೆ ಕರೆದೊಯ್ದವನಿಗೂ ಅದಕ್ಕೆ ಸಹಕರಿಸಿದವನಿಗೂ ನಮ್ಮಲ್ಲಿ ಆ ಕ್ಷಣವೇ ಕೆಲಸವಿಲ್ಲ. ನನ್ನ ಕೆಲಸ ಕಾಯಂ ಆಗಲು ಎರಡು ವಾರ ಬಾಕಿಯಿತ್ತು.

"ಮುದುಕಿ ಎಲ್ಲಿ ಹೋದ್ಲು ಅಂತ ನಿಂಗೇನಾದ್ರೂ ಗೊತ್ತಾ?" ಎಂದರು ಮ್ಯಾನೇಜರ್.

"ಗೊತ್ತಿಲ್ಲ ಸರ್."

ಎರಡು ಗಂಟೆ ಕಾಲ ಒಬ್ಬ ಮಗ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿ ಅತ್ತದ್ದನ್ನು ಎದುರಿಗೆ ಕೂತು ನೋಡಿದೆ. ಒಂದು ವಾಕ್ಯದ ಕೆಲಸ. ಮೊದಲ ಐದು ನಿಮಿಷ ಅದನ್ನು ನುಂಗಿದವನಿಗೆ ಆಮೇಲೆ ಉಗುಳುವ ದಾರಿಯೇ ಉಳಿಯಲಿಲ್ಲ.

ಮಗ್ರಿಬ್ ಮುಗಿದ ಮೇಲೆ ಆ ಗಟ್ಟಿ ಹೆಜ್ಜೆ, ಮೆತ್ತನೆ ಹೆಜ್ಜೆ ಕೇಳಿಸಿತು. ರೊಸ್ಮಾನಿಯ ಮಂಡಿಗೆ ಚಿಕ್ಕಪ್ಪನ ಮನೆಯ ಹೆಂಗಸರು ಎಣ್ಣೆ ತಿಕ್ಕಿ ಕಳಿಸಿದ್ದರು. ಅವಳ ಕಂಕುಳಲ್ಲಿ ಚಿಕ್ಕಪ್ಪ ಕೊಟ್ಟ ಹೂಜಿ, ತಲೆವಸ್ತ್ರದ ತುದಿಯಲ್ಲಿ ಹಿಡಿ ಕೆಂಪು ಮೆಣಸಿನಕಾಯಿ. "ನೋಡೋ, ನಿಮ್ಮ ತಾತನ ಗಿಡದ್ದು!" ಎಂದು ಮಗನ ಮುಖಕ್ಕೆ ಹಿಡಿದಳು. ಮಗ ಅವಳನ್ನು ತಬ್ಬಿಕೊಂಡು ಬಿಕ್ಕಿದ.

"ಯಾರಿಗೆ ಹೇಳಿ ಕರ್ಕೊಂಡು ಹೋದ್ರಿ?" ಎಂದು ಮ್ಯಾನೇಜರ್ ಗದರಿದರು.

ಚಿಕ್ಕಪ್ಪ ನನ್ನತ್ತ ನೋಡಿದರು. ಇರ್ವಾನನ ಊದಿದ ಕಣ್ಣು, ಪೊಲೀಸರು, ಕುರ್ಚಿಗೆ ಅಂಟಿಕೊಂಡ ನಾನು, ಎಲ್ಲವೂ ಅವರಿಗೆ ಒಂದೇ ನೋಟಕ್ಕೆ ತಿಳಿದುಹೋಯಿತು.

"ಯಾರಿಗೂ ಹೇಳ್ಲಿಲ್ಲ" ಎಂದರು. "ವಯಸ್ಸಾಯ್ತಲ್ಲ, ಮರೆತೆ."

ತಾಯಿ ಮಗ ಲಿಫ್ಟಿಗೆ ಹೊರಟ ಮೇಲೆ, ನಾಳೆಯಿಂದ ಬರುವುದು ಬೇಡವೆಂದರು ಮ್ಯಾನೇಜರ್. ಚಿಕ್ಕಪ್ಪ ಅಲ್ಲೇ ನಿಲುವಂಗಿ ಕಳಚಿ, ಮಡಿಕೆ ಸರಿಮಾಡಿ ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ದು" ಎಂದು, ಪೇಟ ಮುಟ್ಟಿಕೊಂಡು, "ಇದು ನಮ್ಮಪ್ಪಂದು" ಎಂದರು. ಆತಿಥೇಯನ ವೇಷ ತೊಡಿಸಿದ್ದ ಹೋಟೆಲಿನವರು, ಚಿಕ್ಕಪ್ಪ ನಿಜಕ್ಕೂ ಆತಿಥೇಯರಾದ ದಿನ ಬಾಗಿಲು ತೋರಿಸಿದರು.

ರೊಸ್ಮಾನಿಗೆ ಕಾಬಾ ಕಾಣುವ ಕಿಟಕಿ ಸಿಕ್ಕಿತು. ಆದರೂ ದಿನಾ ಕೆಳಗಿಳಿದು "ಸದಖಾ?" ಎನ್ನುವಳು. "ರಜೆ" ಎನ್ನುವೆ. ಹೊರಡುವ ದಿನ ಹೂಜಿಯನ್ನು ನನ್ನ ಕೈಗಿಟ್ಟಳು. ಇರ್ವಾನ್ ತಾಯಿಯ ಮಾತನ್ನು ತಿಳಿಸಿದ: "ಊರಿಗೆ ಒಯ್ದರೆ ಒಡೆಯುತ್ತಂತೆ. ಅವರಿಗೇ ಕೊಡಬೇಕಂತೆ. ಮೊಮ್ಮಕ್ಕಳು ಬಂದಾಗ ಇದರಲ್ಲೇ ನೀರು ಕೊಡಬೇಕು ಅಂತ ಹೇಳ್ಬೇಕಂತೆ."

ಕೆಲಸ ಕಾಯಂ ಆದ ಮೇಲೆ ಒಂದು ಶುಕ್ರವಾರ ಹೂಜಿ ಹಿಡಿದು ಶರಾಯಿಗೆ ಹೋದೆ. ಅವರ ಮನೆಯ ಕೆಳಗೆ ಬೀದಿಯಲ್ಲಿ ನಿಂತೆ. ಮಾಳಿಗೆಯಲ್ಲಿ ಕುಂಡಗಳಿಗೆ ನೀರು ಹಾಕುವ ಸದ್ದು. ಕಿತ್ತಳೆ ಪೇಟವೊಂದು ಗೋಡೆಯ ಮೇಲಿಂದ ಬಾಗಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅವರಿಗೆ ನನ್ನ ಗುರುತು ಹತ್ತಿತೋ ಇಲ್ಲವೋ ಅರಿಯೆ.

"ಯಾರದು? ಯಾಕೆ ನಿಂತೇ ಇದೀಯಾ? ಮೇಲೆ ಬಾ, ಬಾ!"

ನಾನು ಗೋಡೆಯ ನೆರಳಿಗೆ ಸರಿದು, ಅಲ್ಲಿಂದ ಹಾಗೇ ಹೊರಟುಬಂದೆ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಹೂಜಿ ನನ್ನ ಕಪಾಟಿನಲ್ಲಿದೆ. ಬಾಯಿಗೆ ಮೂಗಿಟ್ಟರೆ ಈಗಲೂ ಸಣ್ಣಗೆ ಹೊಗೆಯ ವಾಸನೆ. ಇಂಥ ಮನೆತನದವರು ನಮ್ಮ ಊರಿನಲ್ಲಿ ಇನ್ನು ಹೆಚ್ಚು ಮಂದಿ ಉಳಿದಿಲ್ಲ. ಬೀದಿಯನ್ನು ಕೆಡವಬಹುದು, ನಿಲುವಂಗಿಯನ್ನು ಕಳಚಿಸಬಹುದು, ಎಲ್ಲಿ ನಿಂತರೂ ಅವರಿಗೆ ಅದೇ ಮನೆಯ ಹೊಸ್ತಿಲು. ತಮಗೆ ದ್ರೋಹ ಮಾಡಿದವನೂ ಬಿಸಿಲಲ್ಲಿ ನಿಂತಿದ್ದರೆ ಅವರ ಕಣ್ಣಿಗೆ ಮೊದಲು ಕಾಣುವುದು ಅವನು ನಿಂತಿರುವುದು. ಅವರು ಕರೆಯುವುದನ್ನು ಎಂದೂ ಮರೆಯುವುದಿಲ್ಲ. ಆ ಮೆಟ್ಟಿಲು ಹತ್ತಲು ಧೈರ್ಯ ಸಾಲದವರು ನಾವು, ಕೆಳಗಿನವರು.