ಮೂರನೇ ಏಟಿಗೆ ಬೀಳಬೇಕು

"ಮೂರನೇ ಏಟಿಗೆ ಬೀಳಬೇಕು, ಗೊತ್ತಾಯ್ತಾ ಹುಡುಗಾ?" ನಿರ್ದೇಶಕ ಕ್ರೆಸ್ಲರ್ ಬೆರಳು ಮಡಚಿ ಎಣಿಸಿ ತೋರಿಸಿದ. "ಒಂದು, ಎರಡು, ಮೂರು. ಧೊಪ್ಪಂತ ಬಿದ್ದುಬಿಡು. ಆಮೇಲೆ ಏಳೋದು, ನರಳೋದು ಏನೂ ಬೇಡ. ಎರಡೂ ಕೈ ಕೆಳಗಿರಲಿ. ಯಾವ ಕಾರಣಕ್ಕೂ ಎತ್ತಬಾರದು."

"ಗೊತ್ತಾಯ್ತು ಸಾರ್," ಅಂದ ಲೆಮ್ಯುಯೆಲ್ ಪ್ರೂಯಿಟ್.

ಹುಡುಗನಂತೆ ಹುಡುಗ! ಲೆಮ್‌ಗೆ ಮೂವತ್ತೊಂಬತ್ತು ತುಂಬಿತ್ತು. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಬಿಳಿಯರೇ ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ಪಾತ್ರ ಮಾಡುತ್ತಿದ್ದ ಕಾಲದಲ್ಲಿ, ದೇವರು ಕೊಟ್ಟ ಸ್ವಂತ ಮುಖ ಹೊತ್ತು ಕ್ಯಾಮೆರಾ ಮುಂದೆ ನಿಂತ ಮೊದಲಿಗರಲ್ಲಿ ಅವನೊಬ್ಬ. ಹದಿನಾಲ್ಕು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಚಿತ್ರ ಮಾಡಿದ್ದ. ಕರಿಯರ ಕೇರಿ ಸೆಂಟ್ರಲ್ ಅವೆನ್ಯೂದ ಕ್ಷೌರದಂಗಡಿಗೆ ಅವನು ಕಾಲಿಟ್ಟರೆ ಸಾಕು, ಕೂತವರು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ಆದರೆ ಅವನು ಹುಟ್ಟಿದ ಊರು, ಜಾರ್ಜಿಯಾದ ಹಾಲ್ಕಮ್ ಮಿಲ್ಸ್‌ನಲ್ಲಿ, ಅವನನ್ನು ಪರದೆಯ ಮೇಲೆ ಕಂಡವರು ಒಬ್ಬರೂ ಇರಲಿಲ್ಲ.

"ಇನ್ನೊಂದು ವಿಷಯ," ಕ್ರೆಸ್ಲರ್ ತಿರುಗಿ ಬಂದ. "ಆ ನಿನ್ನ ಎಡಗೈ. ಅದನ್ನ ಹಿಂದಕ್ಕಿಟ್ಕೋ. ನೋಡೋಕೆ ಒಂಥರಾ ಆಗುತ್ತೆ."

ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಮರದ ಮಿಲ್ಲಿನ ಗರಗಸ ತಿಂದುಹಾಕಿತ್ತು. ಅವ್ವ ಆ ಬೆರಳನ್ನು ಹುಡುಕಿಸಿ ತರಿಸಿ, ನಶ್ಯದ ಡಬ್ಬಿಯಲ್ಲಿ ನೆಟ್ಟಗೆ ಮಲಗಿಸಿ, ಹಿತ್ತಲ ಬೇಲಿಯ ಪಕ್ಕ ಹೂತಿದ್ದಳು. ಸೊಟ್ಟಗೆ ಹೂತರೆ ಇಲ್ಲದ ಬೆರಳು ಜೀವಮಾನವಿಡೀ ಸೆಳೆಯುತ್ತದೆ ಅಂತ ಅವರ ಕಡೆ ಎಲ್ಲರಿಗೂ ಗೊತ್ತು. ಚರ್ಚಿನ ಹಿರಿಯ, ಡೀಕನ್ ಟಾಲ್ಬರ್ಟ್, ಗುದ್ದಲಿ ತಂದು ಗುಂಡಿ ತೋಡಿಕೊಟ್ಟಿದ್ದ. ಅವ್ವ ಕೈಯಾರೆ ಮಾಡಿದ ಕೆಲಸ ಸುಳ್ಳಾಗಲಿಲ್ಲ, ಬೆರಳು ಒಂದು ದಿನವೂ ನೋಯಲಿಲ್ಲ. ಆದರೆ ಸಿನಿಮಾದವರು ಮಾತ್ರ ಆ ಕೈಗೆ ಕೈಗವಸು ತೊಡಿಸಿಯೋ, ಜೇಬಿಗೆ ತುರುಕಿಸಿಯೋ, ಹದಿನಾಲ್ಕು ವರ್ಷದಿಂದ ಬಚ್ಚಿಡುತ್ತಲೇ ಬಂದಿದ್ದರು.

ಹೋದ ತಿಂಗಳು ಅವ್ವ ಚರ್ಚಿನ ಹೆಣ್ಣುಮಗಳೊಬ್ಬಳ ಕೈಲಿ ಕಾಗದ ಬರೆಸಿದ್ದಳು. "ಮಗಾ, ಇನ್ನುಮೇಲೆ ಸಿನಿಮಾ ವಿಷಯ ಬರೀಬೇಡ. ಮೂರು ಸಲ ಚರ್ಚಿನವರನ್ನೆಲ್ಲ ಕರ್ಕೊಂಡು ಹೋದೆ. ಮೂರು ಸಲಾನೂ ನೀನಿಲ್ಲ. ಡೀಕನ್ ಟಾಲ್ಬರ್ಟ್ ಎಲ್ಲರ ಮುಂದೆ ಕೇಳ್ದ, ನಿಮ್ ಮಗ ಅಲ್ಲಿ ಕಾರು ತೊಳೀತಿರಬೇಕಲ್ವಾ ಸಿಸ್ಟರ್ ಆರ್ಡೀಲಿಯಾ ಅಂತ. ಎಲ್ಲರೂ ನಕ್ಕರು. ಕಾರು ತೊಳೆಯೋದು ತಪ್ಪಲ್ಲ ಮಗಾ. ಸುಳ್ಳು ಹೇಳೋದು ತಪ್ಪು."

ಆ ಕಾಗದ ಓದಿದ ಮೇಲೆ ಲೆಮ್‌ಗೆ ಅನ್ನ ನೀರು ಸೇರಲಿಲ್ಲ. ಹೆತ್ತ ತಾಯಿಯೇ ಸುಳ್ಳುಗಾರ ಅಂದಮೇಲೆ ಮೂವತ್ತು ಚಿತ್ರ ಕಟ್ಟಿಕೊಂಡು ಏನು ಮಾಡೋದು? ಅವನು ನೆಟ್ಟಗೆ ಹೋಗಿದ್ದು ಹಿರಾಮ್‌ನ ಹತ್ತಿರ. ಹಿರಾಮ್ ವಯಸ್ಸಾದವನು, ಚಿತ್ರ ಕತ್ತರಿಸಿ ಅಂಟಿಸುವ ಕೋಣೆಯಲ್ಲಿ ಕಸ ಗುಡಿಸುವವನು. ನೆಲದ ಮೇಲೆ ಬಿದ್ದ ಫಿಲ್ಮಿನ ತುಂಡುಗಳನ್ನು ಮೊರದಲ್ಲಿ ತುಂಬಿ ಹೊರಗೆ ಸಾಗಿಸುವುದೇ ಅವನ ಕೆಲಸ.

"ನಿನ್ನ ಮೇಲೆ ದಿನಾ ಪೊರಕೆ ಆಡಿಸೋನು ನಾನೇ ಕಣಯ್ಯಾ," ಅಂದಿದ್ದ ಹಿರಾಮ್, ಬೊಚ್ಚು ಬಾಯಲ್ಲಿ ನಗುತ್ತಾ. "ನೀನು, ಬಿಳಿಯ, ಇಬ್ಬರೂ ಎದುರುಬದುರು ನಿಂತು ಮಾತಾಡೋದನ್ನ ಒಂದೇ ಚೌಕಟ್ಟಲ್ಲಿ ಯಾವತ್ತಾದ್ರೂ ತೆಗೆದವ್ರಾ, ನೆನಪು ಮಾಡ್ಕೋ. ಅವನ ಮುಖ ಬೇರೆ ತುಂಡು, ನಿನ್ನ ಮುಖ ಬೇರೆ ತುಂಡು. ನಿಮ್ಮ ಜಾರ್ಜಿಯಾದಂಥ ದಕ್ಷಿಣದ ಊರುಗಳಿಗೆ ಹೋಗೋ ಫಿಲ್ಮಿನ ಪ್ರತೀಲಿ ನಿನ್ನ ತುಂಡು ಎತ್ತಿ ಬಿಸಾಕ್ತಾರೆ, ಬಿಳಿಯನಿಗೆ ಎದುರಾಡೋ ಕರಿಯನ್ನ ಕಂಡ್ರೆ ಅಲ್ಲಿನ ಬಿಳಿಯರಿಗೆ ಆಗಲ್ಲ. ಕಥೆಗೆ ಒಂದು ಕೂದಲೂ ಕೊಂಕಲ್ಲ."

"ಒಂದೇ ಚೌಕಟ್ಟಲ್ಲಿ ಇಬ್ಬರೂ ಇದ್ರೆ ಹಿರಾಮಣ್ಣಾ?"

"ಆಗ ನಾಯಕನಿಗೂ ಕತ್ತರಿ ಹಾಕ್ಬೇಕು. ಅಷ್ಟು ಗುಂಡಿಗೆ ಇಲ್ಲಿ ಯಾರಿಗದೆ?" ಅಂದಿದ್ದ ಮುದುಕ. ಆಮೇಲೆ ಲೆಮ್‌ನ ಮುಖ ನೋಡಿ ನಗು ನಿಲ್ಲಿಸಿದ್ದ. "ಏ, ಹುಚ್ಚುಗಿಚ್ಚು ಹಿಡೀತಾ ನಿಂಗೆ? ಬೇಡ ಮಾರಾಯ."

ಇವತ್ತು ತೆಗೆಯುತ್ತಿದ್ದದ್ದು ಹಡಗಿನ ಬಾಯ್ಲರ್ ಕೋಣೆಯ ದೃಶ್ಯ. ಬೆಂಕಿಗೆ ಕಲ್ಲಿದ್ದಲು ಹಾಕುವ ಆಳು ಲೆಮ್. ಹಡಗಿನ ಬಿಳಿ ಅಧಿಕಾರಿಯ ಎದುರು ನಿಂತು, "ನೀವು ಹೇಳೋದು ತಪ್ಪು ದೊರೇ, ಇನ್ನು ಒಂದು ಸಲಿಕೆ ಹಾಕಿದ್ರೂ ಬಾಯ್ಲರ್ ಸಿಡಿಯುತ್ತೆ," ಅನ್ನಬೇಕು. ಅಧಿಕಾರಿ ಮೂರು ಏಟು ಹೊಡೆಯಬೇಕು. ಲೆಮ್ ಬಿದ್ದು ಚೌಕಟ್ಟಿನಿಂದ ಮಾಯವಾಗಬೇಕು. ಅಧಿಕಾರಿ ಒಬ್ಬನೇ ನಿಂತು, "ನಾನಿರೋವರೆಗೂ ಈ ಹಡಗು ನಿಲ್ಲಲ್ಲ!" ಎಂದು ಕೂಗಿದ ಕೂಡಲೇ ಬಾಯ್ಲರ್ ಸಿಡಿಯಬೇಕು. ತಗಡಿನ ಬಾಯ್ಲರ್ ಹಿಂದೆ ನಿಜವಾದ ಮದ್ದು ತುಂಬಿತ್ತು. ಒಂದು ಸಲ ಸಿಡಿದರೆ ಇಡೀ ಕೋಣೆ ಬೂದಿ, ಎರಡನೇ ಸಲ ತೆಗೆಯುವ ಮಾತೇ ಇಲ್ಲ. ದಕ್ಷಿಣದ ಪ್ರತಿ ಎಲ್ಲಿಂದ ಶುರುವಾಗುತ್ತದೆ ಅಂತ ಲೆಮ್‌ಗೆ ಈಗ ಚೆನ್ನಾಗಿ ಗೊತ್ತಿತ್ತು. ಅವನು ಬಿದ್ದ ಮೇಲಿಂದ.

ಬೀಳದಿದ್ದರೆ?

ಎದುರಿಗಿದ್ದ ದೊಡ್ಡ ಕ್ಯಾಮೆರಾವನ್ನು ಅವನು ಕಣ್ಣಲ್ಲೇ ಅಳೆದ. ಪಕ್ಕದಲ್ಲಿ ಇನ್ನೂ ಎರಡಿದ್ದವು. ಅವು ಬೆಂಕಿ ಹಿಡಿಯೋಕೆ ಇರಬೇಕು ಅಂದುಕೊಂಡು ಆ ಕಡೆ ತಲೆ ಕೆಡಿಸಿಕೊಳ್ಳಲಿಲ್ಲ.

ಅಧಿಕಾರಿಯ ಪಾತ್ರ ವ್ಯಾನ್ಸ್ ಹಾರ್ಗ್ರೋವ್‌ನದು. ಪೋಸ್ಟರ್‌ನಲ್ಲಿ ಮಾರುದ್ದ ಹೆಸರು ಹಾಕಿಸಿಕೊಳ್ಳುವ ನಾಯಕ. ಸುಳ್ಳು ಏಟು ಹೊಡೆಯುವ ಜಾಯಮಾನವೇ ಅವನದಲ್ಲ, ಎದುರಿಗಿರುವವನು ಕರಿಯನಾದರಂತೂ ಕೇಳಲೇ ಬೇಡಿ. ಬೆಳಿಗ್ಗೆಯೇ ಬಾಯಿಂದ ವಿಸ್ಕಿ ವಾಸನೆ ಹೊಡೆಯುತ್ತಿತ್ತು.

"ಶುರು!" ಅಂದ ಕ್ರೆಸ್ಲರ್.

ಲೆಮ್ ತನ್ನ ಮಾತು ಹೇಳಿದ. ಮೊದಲನೇ ಏಟು ಕೆನ್ನೆಗೆ ಬಿತ್ತು, ನಿಜವಾದ ಏಟು, ಕಿವಿ ಗುಂಯ್ ಅಂತು. ಎರಡನೆಯದು ಮೂಗಿಗೆ. ಬಿಸಿ ರಕ್ತ ತುಟಿಗಿಳಿಯಿತು. ಮೂರನೆಯದಕ್ಕೆ ಹಾರ್ಗ್ರೋವ್ ಭುಜವಿಡೀ ತಿರುಗಿಸಿ ಗುದ್ದಿದ. ಲೆಮ್‌ನ ಕಾಲು ಅಲುಗಿತು, ಬೀಳಲಿಲ್ಲ. ಅವನು ಎಡಗೈ ಎತ್ತಿದ. ಹೊಡೆಯಲು ಅಲ್ಲ. ಹೊಡೆದರೆ ಜೈಲು, ಇಲ್ಲವೇ ಸಾವು. ಹಾರ್ಗ್ರೋವ್‌ನ ಕೊರಳಪಟ್ಟಿಯನ್ನು ನಾಲ್ಕು ಬೆರಳಲ್ಲಿ ಭದ್ರವಾಗಿ ಹಿಡಿದುಕೊಂಡ, ಅಷ್ಟೇ.

"ಬೀಳೋ!" ಹಾರ್ಗ್ರೋವ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಬೀಳೋ ನಾಯಿ!"

ಲೆಮ್ ಬೀಳಲಿಲ್ಲ. ನಾಲ್ಕು, ಐದು, ಆರು. ಒಂದು ಹಲ್ಲು ನಾಲಿಗೆಯ ಮೇಲೆ ಕಲ್ಲಿನಂತೆ ಉರುಳಿತು. ನುಂಗಿಬಿಟ್ಟ. ಬಲಗಣ್ಣು ಮುಚ್ಚಿಕೊಳ್ಳುತ್ತಾ ಬಂತು. ಕತ್ತಲಾಗುತ್ತಿದ್ದ ಆ ಕಣ್ಣಿನಾಚೆ ಕ್ರೆಸ್ಲರ್ ನಿಲ್ಲಿಸಿ ಅಂತ ಕೂಗುತ್ತಾನೆ ಅಂದುಕೊಂಡಿದ್ದ. ಕ್ರೆಸ್ಲರ್ ಕೂಗಲಿಲ್ಲ. ಇಷ್ಟು ಅಸಲಿ ಹೊಡೆದಾಟ ಅವನಿಗೆ ಇನ್ನೆಲ್ಲಿ ಸಿಗಬೇಕು? ಮೂರು ಕ್ಯಾಮೆರಾಗಳೂ ಗರಗರ ತಿರುಗುತ್ತಲೇ ಇದ್ದವು.

ಹಾರ್ಗ್ರೋವ್‌ಗೆ ಈಗ ಪಾತ್ರ ಮರೆತುಹೋಗಿತ್ತು. ನೂರು ಜನರ ಎದುರು ಒಬ್ಬ ಕರಿಯ ತನ್ನ ಕೊರಳಪಟ್ಟಿ ಹಿಡಿದಿದ್ದಾನೆ, ಬಿಡಿಸಿಕೊಳ್ಳೋಕೆ ಆಗುತ್ತಿಲ್ಲ! ಅವನು ಪಕ್ಕದಲ್ಲಿದ್ದ ಕಲ್ಲಿದ್ದಲ ಸಲಿಕೆಯನ್ನು ಎಳೆದುಕೊಂಡ. ಅದು ಆಟದ ಸಲಿಕೆಯಲ್ಲ, ಕಬ್ಬಿಣದ್ದು. ಮೊದಲ ಏಟು ಮೊಣಕೈಗೆ ಬಿತ್ತು. ಕೈ ಬಿಡಲಿಲ್ಲ. ಎರಡನೆಯದು ಭುಜಕ್ಕೆ. ಮೂರನೆಯದು ದವಡೆಗೆ ಬಿದ್ದಾಗ ಒಣ ಕಡ್ಡಿ ಮುರಿದ ಸದ್ದು ಲೆಮ್‌ನ ತಲೆಯೊಳಗಿಂದಲೇ ಕೇಳಿಸಿತು. ಮಂಡಿ ಕುಸಿಯಿತು. ಆದರೂ ಕೈ ಕೊರಳಪಟ್ಟಿಗೇ ನೇತಾಡುತ್ತಿತ್ತು. ಅವ್ವಾ, ನೋಡು. ನೋಡು ನಾನಿಲ್ಲಿದ್ದೀನಿ. ತಲೆಯಲ್ಲಿ ಉಳಿದಿದ್ದು ಅಷ್ಟೇ.

"ಮಾತು ಹೇಳು ವ್ಯಾನ್ಸ್! ಮಾತು ಹೇಳು!" ಕ್ರೆಸ್ಲರ್ ಗಂಟಲು ಹರಿದುಕೊಂಡ.

"ನಾನಿರೋವರೆಗೂ," ಹಾರ್ಗ್ರೋವ್ ಏದುಸಿರು ಬಿಡುತ್ತಾ ಸಲಿಕೆ ಎತ್ತಿ ಅರಚಿದ, "ಈ ಹಡಗು ನಿಲ್ಲಲ್ಲ!"

ಮದ್ದು ಸಿಡಿಯಿತು. ಬೆಂಕಿ, ತಗಡಿನ ಚೂರು ಎಲ್ಲವೂ ಬಂದು ಬಡಿದದ್ದು ಲೆಮ್‌ನ ಬೆನ್ನಿಗೆ. ಅವನ ಮೈಯ ಮರೆಯಲ್ಲಿದ್ದ ಹಾರ್ಗ್ರೋವ್‌ಗೆ ಹುಬ್ಬಿನ ಕೂದಲು ಸುಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಕರಿಯರ ಆಸ್ಪತ್ರೆಯಲ್ಲಿ ಲೆಮ್ ಏಳು ವಾರ ಮಲಗಿದ. ದವಡೆಗೆ ತಂತಿ ಕಟ್ಟಿದರು. ಬಿಚ್ಚಿದಾಗ ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು. ಮಾತಾಡುವ ಸಿನಿಮಾದ ಕಾಲದಲ್ಲಿ ಮಾತೇ ಹೋದ ನಟ! ಸ್ಟುಡಿಯೋದವರು, ಅವನೇ ನಾಯಕನ ಮೇಲೆ ಕೈ ಮಾಡಿದ, ಇನ್ನು ಗೇಟಿನೊಳಗೆ ಕಾಲಿಡಕೂಡದು ಅಂತ ಹೇಳಿಕಳಿಸಿದರು. ಹಿರಾಮ್ ಟೋಪಿ ಕೈಯಲ್ಲಿ ಹಿಡಿದು ಮಂಚದ ಪಕ್ಕ ಕೂತು ಅತ್ತ.

"ಆ ತುಂಡು?" ಲೆಮ್ ಕಷ್ಟಪಟ್ಟು ಕೇಳಿದ.

"ನೆಲಕ್ಕೆ ಬೀಳಲಿಲ್ಲ ಕಣಯ್ಯಾ. ದಕ್ಷಿಣದ ಪ್ರತೀಲೂ ಹೊಡೆದಾಟ ಹಾಗೇ ಬಿಟ್ಟವ್ರಂತೆ. ಎಲ್ಲೂ ಕತ್ತರಿ ಆಡೋಕೆ ಜಾಗ ಸಿಗಲಿಲ್ಲ ಅಂತ ಆ ಕೋಣೆಯವ್ರು ಬೈಕೊಳ್ತಿದ್ರು. ಪರದೆ ಮೇಲೆ ನೋಡೋಕೆ ನನ್ನ ಯಾರು ಬಿಡ್ತಾರೆ? ಕೇಳಿದ್ದು ಹೇಳ್ತಿದೀನಿ."

ಲೆಮ್ ಕಣ್ಣು ಮುಚ್ಚಿಕೊಂಡ. ನೋವಿನ ನಡುವೆಯೂ ಹೊಟ್ಟೆ ತಣ್ಣಗಾಯಿತು.

ಚಿತ್ರ ಹಾಲ್ಕಮ್ ಮಿಲ್ಸ್‌ಗೆ ಬರುವ ವಾರ ಅವನೂ ರೈಲು ಹತ್ತಿದ. ಅವ್ವ ಬಾಗಿಲಲ್ಲಿ ಅವನ ಮುಖ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಏನಾಯ್ತೋ ಇದು?"

"ಕೆಲಸದಲ್ಲಿ ಬಿದ್ದೆ ಅವ್ವಾ."

"ಕಾರು ತೊಳೆಯೋವಾಗ ಬಿದ್ದೋರಿಗೆ ಹಿಂಗಾಗಲ್ಲ," ಅಂದು ಅವಳು ಒಳಗೆ ಹೋದಳು.

ಶನಿವಾರ ಮಧ್ಯಾಹ್ನದ ಆಟಕ್ಕೆ, ಬಾ ಬಾ ಅಂತ ಅವನು ಅಂಗಲಾಚಿದ ಮೇಲೆ ಹೊರಟಳು. ನಾಲ್ಕನೇ ಸಲ ಮುಖಭಂಗ ಆಗುವುದನ್ನು ನೋಡಲೆಂದೇ ಡೀಕನ್ ಟಾಲ್ಬರ್ಟ್ ಚರ್ಚಿನ ಅರ್ಧ ಜನರನ್ನು ಕಟ್ಟಿಕೊಂಡು ಬಂದಿದ್ದ. ಹಿಂದಿನ ಓಣಿಯ ಮೆಟ್ಟಿಲು ಹತ್ತಿ ಎಲ್ಲರೂ ಹದ್ದಿನ ಗೂಡಿಗೆ ಹೋದರು. ಕರಿಯರನ್ನು ಕೂರಿಸುವ ಮೇಲಿನ ಅಂತಸ್ತಿಗೆ ಊರಲ್ಲಿ ಹಾಗೇ ಹೆಸರು. ಅವ್ವ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಅದನ್ನು ಬಿಚ್ಚದೆ ಕೂತಳು.

ಬಾಯ್ಲರ್ ಕೋಣೆ ಬಂತು. ಲೆಮ್ ಮುಂದಿನ ಕಂಬಿ ಹಿಡಿದ. ಪರದೆ ತುಂಬ ಹಾರ್ಗ್ರೋವ್. ಎದೆಯಿಂದ ಮೇಲಕ್ಕೆ ಹಾರ್ಗ್ರೋವ್ ಒಬ್ಬನೇ. ದೊಡ್ಡ ಕ್ಯಾಮೆರಾದ್ದಲ್ಲ ಇದು, ಪಕ್ಕದ್ದು. ನಾಯಕನ ಮುಖಕ್ಕಷ್ಟೇ ಹತ್ತಿರ ನಿಲ್ಲಿಸಿದ್ದ ಕ್ಯಾಮೆರಾದ್ದು. ಲೆಮ್‌ನ ಮಾತಿಲ್ಲ, ಮುಖವಿಲ್ಲ, ಹೆಗಲೂ ಇಲ್ಲ. ಹಾರ್ಗ್ರೋವ್ ಯಾರನ್ನೋ ಗುದ್ದುತ್ತಿದ್ದ. ಯಾರನ್ನು ಅಂತ ದೇವರಿಗೇ ಗೊತ್ತು.

ಲೆಮ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದವಡೆ, ಹಲ್ಲು, ಅನ್ನ, ಎಲ್ಲ ಕೊಟ್ಟಿದ್ದು ಇದಕ್ಕಾ? ಹಿಂದೆ ಟಾಲ್ಬರ್ಟ್ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಎದ್ದು ಹೋಗೋಣವೆಂದು ಅವನು ಕಾಲೂರಿದ.

ಅಷ್ಟರಲ್ಲಿ ಚೌಕಟ್ಟಿನ ಕೆಳಗಿನಿಂದ ಒಂದು ಕೈ ಬಂತು. ಎಡಗೈ. ಹಾರ್ಗ್ರೋವ್‌ನ ಬಿಳೀ ಕೊರಳಪಟ್ಟಿಯನ್ನು ಹಿಡಿದುಕೊಂಡಿತು. ಗೋಡೆಯಗಲದ ಪರದೆಯ ಮೇಲೆ ಒಂದೊಂದು ಬೆರಳೂ ತೊಲೆಯಷ್ಟಿತ್ತು. ನಾಲ್ಕೇ ಬೆರಳು.

ಅವ್ವನ ಕೈ ಪೊಟ್ಟಣದ ಮೇಲೆ ನಿಂತುಹೋಯಿತು.

ಹಾರ್ಗ್ರೋವ್ ಗುದ್ದಿದ. ಕೈ ಬಿಡಲಿಲ್ಲ. ಗುದ್ದಿದ, ಗುದ್ದಿದ. ಸಲಿಕೆ ಎತ್ತಿದ. ಏಟು ಬಿದ್ದಾಗಲೆಲ್ಲ ಕೈ ಅದುರಿ ಮತ್ತೆ ಬಿಗಿಯಾಯಿತು. ಗೆಣ್ಣುಗಳ ಮೇಲೆ ರಕ್ತ ಹರಿದು ಕೊರಳಪಟ್ಟಿ ಕಪ್ಪಾಯಿತು. ಮೇಲಿನ ಅಂತಸ್ತಿನಲ್ಲಿ ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಯಾರೋ ಹೆಂಗಸು, "ಬಿಡಬೇಡ ಕಣಪ್ಪಾ," ಅಂದಳು. ಇನ್ನೊಬ್ಬರು ಅಂದರು. ಆಮೇಲೆ ಕಾಲು ಕುಟ್ಟುವ ಸದ್ದು ಎದ್ದಿತು. ಇಡೀ ಹದ್ದಿನ ಗೂಡು ನಡುಗಿತು. ಕೆಳಗಿನಿಂದ ಬಿಳಿಯರು, "ಸುಮ್ನಿರ್ರೋ ಮೇಲೆ!" ಅಂತ ಗದರಿದರು.

"ಅಯ್ಯೋ ದೇವರೇ!" ಡೀಕನ್ ಟಾಲ್ಬರ್ಟ್ ಎದ್ದು ನಿಂತುಬಿಟ್ಟಿದ್ದ. ಟೋಪಿ ಕೈಯಿಂದ ಜಾರಿತ್ತು. "ಆ ಬೆರಳಿಗೆ ಗುಂಡಿ ತೋಡಿದ್ದು ನಾನು! ಈ ಕೈಲೇ ತೋಡಿದ್ದು!"

ಪರದೆ ಬೆಂಕಿಯಲ್ಲಿ ಬೆಳ್ಳಗಾಯಿತು. ಕೈ ಹೋಯಿತು. ಹಾರ್ಗ್ರೋವ್ ನೀರಿಗೆ ಹಾರಿ ದಡ ಸೇರಿ ಯಾವಳೋ ಹೆಣ್ಣನ್ನು ತಬ್ಬಿಕೊಂಡ. ಮೇಲೆ ಕೂತವರು ಅದನ್ನು ನೋಡುತ್ತಿರಲಿಲ್ಲ. ಎಲ್ಲರ ಕುತ್ತಿಗೆ ಲೆಮ್‌ನ ಕಡೆ ತಿರುಗಿತ್ತು.

ಅವ್ವ ಮಾತ್ರ ತಿರುಗಲಿಲ್ಲ. ಪರದೆಯ ಕಡೆಗೇ ಮುಖ ಮಾಡಿ ಕೇಳಿದಳು. "ಬಿದ್ದೆ ಅಂದ್ಯಲ್ಲೋ."

"ಇಲ್ಲ ಅವ್ವಾ," ಅಂದ ಲೆಮ್. "ಬೀಳಲಿಲ್ಲ."

ಅವಳು ಪೊಟ್ಟಣ ಬಿಚ್ಚಿದಳು. ಒಂದು ಕಡಲೆಕಾಯಿ ಸುಲಿದಳು. ಬೀಜವನ್ನು ಎರಡು ಬೆರಳ ನಡುವೆ ಹಿಸುಕಿ, ಅಗಿಯದೆಯೇ ನುಂಗುವಷ್ಟು ಮೆತ್ತಗೆ ಮಾಡಿದಳು. ಅವನ ಎಡಗೈಯನ್ನು ತೊಡೆಯ ಮೇಲೆಳೆದುಕೊಂಡು, ಅಂಗೈಯಲ್ಲಿ ಅದನ್ನಿಟ್ಟು, ಇನ್ನೊಂದನ್ನು ಸುಲಿಯತೊಡಗಿದಳು.