ಮಾಫ್ ಅನ್ನದ ಮಾಸ್ತರ

ಜನಾಜಾಕ್ಕೆ ಹೆಗಲು ಕೊಡಲು ಬಗ್ಗಿದ ಪರಸಪ್ಪ ಮಾಸ್ತರನ ತೋಳನ್ನು ಮಂಜೂರ ಹಿಡಿದ.

"ತಡೀರಿ ಸರ. ಎಲ್ಲಾರೂ ಹೇಳ್ಯಾರ. ನೀವೊಬ್ರ ಉಳದೀರಿ."

"ಏನ್ ಹೇಳಬೇಕೋ?"

"ಅಪ್ಪಗ ಮಾಫ್ ಮಾಡೇನಿ ಅಂತ."

ಮಂಜೂರನ ಅಪ್ಪ ಗುಡುಸಾಬ ಬೆಳಗಿನ ಜಾವ ತೀರಿಕೊಂಡಿದ್ದ. ತಾಂಬಾದ ಬಸ್ ನಿಲ್ದಾಣದ ಎದುರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದವನು. ಸುಗ್ಗಿ ಮುಗಿದ ಮೇಲೆ ಇಂಡಿ, ಸಿಂದಗಿ ತಾಲೂಕುಗಳ ಊರೂರು ತಿರುಗಿ ಕಬಡ್ಡಿ ಪಂದ್ಯಗಳಿಗೆ ಅಂಪೈರ್ ಆಗಿ ಸೀಟಿ ಊದುತ್ತಿದ್ದವನು. ಜನಾಜಾ ಎತ್ತುವ ಮುಂಚೆ, ತೀರಿಕೊಂಡವರಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಮಾಫ್ ಮಾಡಿ ಎಂದು ಮಗ ಕೇಳುವುದು ವಾಡಿಕೆ. ಮಂಜೂರ ಕೇಳಿದ್ದ. "ಮಾಫ್, ಮಾಫ್" ಎಂದು ಅಂಗಳದಲ್ಲಿದ್ದವರೆಲ್ಲ ಅಂದಿದ್ದರು. ಕನ್ನೊಳ್ಳಿಯ ಪಿ.ಟಿ. ಮಾಸ್ತರ ಪರಸಪ್ಪ ತುಟಿ ಬಿಚ್ಚಿರಲಿಲ್ಲ. ಬಾಗಿಲ ಪರದೆಯ ಹಿಂದೆ ಕೂತಿದ್ದ ಸಾಬೀರಾ, ಗುಡುಸಾಬನ ಹೆಂಡತಿ, ಅದನ್ನು ಗಮನಿಸಿ ಮಗನಿಗೆ ಹೇಳಿ ಕಳಿಸಿದ್ದಳು.

"ಅಂದುಬಿಡ್ರಿ ಸರ," ಎಂದ ಸೋಮನಿಂಗ. ಮಾಸ್ತರ ತಯಾರು ಮಾಡಿದ ಆಟಗಾರ, ಈಗ ಬಸ್ ಕಂಡಕ್ಟರ್. "ಅವತ್ತ ಔಟ್ ಆದಾಂವ ನಾನು. ನಾನ ಯಾವಾಗೋ ಮಾಫ್ ಮಾಡೇನಿ."

"ನೀ ಯಾವೂರ ಗೌಡಲೇ ಮಾಫ್ ಮಾಡಾಕ? ಹೋಗಿ ಟಿಕೀಟ್ ಹರಿ."

ಯಾರೋ ಟವಲಿನಲ್ಲಿ ನಗು ಮುಚ್ಚಿಕೊಂಡರು. ಮೌಲ್ವಿ ಕುತುಬುದ್ದೀನ ಬಿಸಿಲು ನೋಡಿದರು.

"ನಮಾಜಿನ ಹೊತ್ತಾತು, ಮಾಸ್ತರ. ಒಂದ ಶಬ್ದ. ಅಂದ್ರ ಏನ್ ಹೋಕ್ಕೈತಿ?"

"ಸುಳ್ಳ ಅಂದಂಗ ಆಕ್ಕೈತ್ರಿ."

* * *

ಅದು ತೊಂಬತ್ತಾರರ ಫೈನಲ್. ತಾಂಬಾದ ಮೈದಾನದಲ್ಲಿ ತಾಂಬಾ ಮತ್ತು ಕನ್ನೊಳ್ಳಿ. ಕನ್ನೊಳ್ಳಿ ಒಂದು ಅಂಕ ಹಿಂದಿತ್ತು. ಕೊನೆಯ ದಾಳಿಗೆ ಹೋದ ಸೋಮನಿಂಗನನ್ನು ನಾಲ್ವರು ಕೆಡವಿ ಮೇಲೆ ಬಿದ್ದರು. ಅವನು ಅವರನ್ನೂ ಎಳೆದುಕೊಂಡು ಹೊಟ್ಟೆಯ ಮೇಲೆ ತೆವಳಿ ನಡುಗೆರೆಗೆ ಕೈ ಚಾಚಿದ. ಗುಡುಸಾಬ ಸೀಟಿ ಊದಿ ಔಟ್ ಕೊಟ್ಟ.

"ಗೆರಿ ಮುಟ್ಯಾನಲ್ಲೋ!" ಪರಸಪ್ಪ ಅಂಕಣಕ್ಕೆ ನುಗ್ಗಿದ.

"ಮುಟ್ಯಾನ. ಅದಕ್ಕಿಂತ ಮದ್ಲ ದಮ್ಮು ಬಿಟ್ಟಾನ. ಕಬಡ್ಡಿ ಅನ್ನೂದು ನಿಂತಿತ್ತು."

"ಬಿಟ್ಟಿಲ್ಲ! ನಿನ್ನ ಕಿವ್ಯಾಗೇನು ಹತ್ತಿ ಇಟಗೊಂಡೀ?"

"ಹೊರಗ ನಡಿ, ಪರಸಪ್ಪ."

ಉಸಿರು ಬಿಟ್ಟಿದ್ದನೋ ಇಲ್ಲವೋ, ಸೋಮನಿಂಗನಿಗೇ ಗೊತ್ತಿರಲಿಲ್ಲ. ಅವನ ಬಾಯ್ತುಂಬ ಮಣ್ಣಿತ್ತು. ಅಂಪೈರ್ ತಾಂಬಾದವನು, ಗೆದ್ದದ್ದೂ ತಾಂಬಾ. ಜನರಿಗೆ ಆಡಿಕೊಳ್ಳಲು ಅಷ್ಟು ಸಾಕಾಯಿತು.

ಹುಡುಗರನ್ನು ಟ್ರ್ಯಾಕ್ಟರ್ ಹತ್ತಿಸಿ ಕಳಿಸಿದ ಮೇಲೂ ಪರಸಪ್ಪನ ಜಗಳ ಮುಗಿದಿರಲಿಲ್ಲ. ಬೈಯುತ್ತ ಗುಡುಸಾಬನ ಬೆನ್ನು ಹತ್ತಿ ಅವನ ಮನೆವರೆಗೂ ಬಂದ. ಸಾಬೀರಾ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಹಾಕಿದಳು. ತಾಟಿನ ಮುಂದೆ ಕೂತು ಒಬ್ಬ ಬಿಟ್ಟಾನ ಅಂದ, ಒಬ್ಬ ಬಿಟ್ಟಿಲ್ಲ ಅಂದ.

"ಮದ್ಲ ಉಣ್ರಿ, ಆಮ್ಯಾಲ ಹೊಡದಾಡ್ರಿ," ಎಂದಳು ಅವಳು. ಇಬ್ಬರೂ ಎರಡನೆಯ ಸಲ ಪಲ್ಯ ಹಾಕಿಸಿಕೊಂಡರು.

ಮರುವರ್ಷ ಕನ್ನೊಳ್ಳಿಯ ಹಿರಿಯರು ಬೇರೆ ಅಂಪೈರನನ್ನು ಕರೆಸಲು ಹೊರಟಾಗ ಪರಸಪ್ಪ ಅಡ್ಡ ನಿಂತ. "ಗುಡುಸಾಬ ಬರಲಿಲ್ಲಂದ್ರ ನನ್ನ ಟೀಮ್ ಇಳಿಯೂದಿಲ್ಲ."

"ಮತ್ತ ಸೋಲಾಕೇನು?"

"ಸೋತ್ರ ಸೋಲ್ತೇವಿ. ಜಗಳಾಡಾಕರೆ ಯೋಗ್ಯ ಮನಶ್ಯಾ ಬೇಕಲಾ."

* * *

ಪರಸಪ್ಪ ಜನಾಜಾವನ್ನು ಬಳಸಿಕೊಂಡು ಬಾಗಿಲ ಹತ್ತಿರ ಹೋದ.

"ಭಾಬಿ, ಮಾಫ್ ಅಂದ್ರ ಅಂವ ತಪ್ಪ ಮಾಡಿದಾ ಅಂದಂಗ ಆತು. ತನಗ ಕೇಳಿದ್ದು ಅಂವ ಹೇಳಿದ. ನನಗ ಕೇಳಿದ್ದು ನಾ ಹೇಳಿದೆ. ಇದರಾಗ ಮಾಫ್ ಮಾಡೂದೇನೈತ್ರಿ?"

ಸಾಬೀರಾ ಪರದೆಯ ಅಂಚು ಸರಿಸಿದಳು.

"ಹಂಗಾದ್ರ ಒಂದ ಮಾತು ಹೇಳ್ರಿ, ಮಾಸ್ತರ. ಅವ್ರು ತಮ್ಮೂರು ಗೆಲ್ಲಲಿ ಅಂತ ಊದಿದ್ರೇನು? ಮಂದಿ ಅದನ್ನ ಅಂದ್ರು. ಅವರ ಮುಂದ ಯಾರೂ ಅನ್ನಲಿಲ್ಲ, ಗಿರಣಿಗೆ ಹೋದ್ರ ನನಗ ಕೇಳೂವಂಗ ಅಂತಿದ್ರು. ಅದಕ್ಕ ಕೇಳಾಕತ್ತೇನಿ."

ಪರಸಪ್ಪ ಗಕ್ಕನೆ ಅಂಗಳಕ್ಕೆ ತಿರುಗಿದ.

"ಯಾವಾಂವಲೇ ಅಂದಾಂವ? ಮುಂದ ಬಾ! ಗುಡುಸಾಬ ಬೇಕಂತ ಊದಿದನ? ಇಂಡಿ ಪಂದ್ಯದಾಗ ಈ ಮಂಜೂರಗ, ಹೊಟ್ಟ್ಯಾಗ ಹುಟ್ಟಿದ ಮಗಗ, ಔಟ್ ಕೊಟ್ಟಾಂವ ಅಂವ! ಅಂವನ ಕಿವಿ ಕೆಟ್ಟಿತ್ತು. ನೀಯತ್ತ ಕೆಟ್ಟಿದ್ದಿಲ್ಲ!"

ಯಾರೂ ಮುಂದೆ ಬರಲಿಲ್ಲ. ತಾಂಬಾದವರೂ ಕನ್ನೊಳ್ಳಿಯವರೂ ತಂತಮ್ಮ ಕಾಲು ನೋಡಿಕೊಂಡರು.

"ಸಾಕು," ಎಂದಳು ಸಾಬೀರಾ. "ಎತ್ರಿ."

ಜನಾಜಾ ಓಣಿಗೆ ಇಳಿಯಿತು. ಪದ್ಧತಿಯಂತೆ ನಾಲ್ಕು ಹೆಜ್ಜೆಗೊಬ್ಬರು ಹೆಗಲು ಬದಲಿಸಿದರು. ಮುಂದಿನ ಬಲಗಡೆ ಮಾಸ್ತರನ ಹೆಗಲು ಮಾತ್ರ ಬದಲಾಗಲಿಲ್ಲ. "ಕೊಡ್ರಿ ಸರ, ದಣದೀರಿ," ಎಂದು ಬಂದ ಸೋಮನಿಂಗನನ್ನು ಮಾಸ್ತರ ಮೊಣಕೈಯಿಂದ ದೂಡಿದ. ಸುತ್ತಲೂ ಕಲಿಮಾ ಪಠಣ ನಡೆದಿತ್ತು. ಮಾಸ್ತರನ ತುಟಿಗಳೂ ಆಡುತ್ತಿದ್ದವು. ಕನ್ನೊಳ್ಳಿ ಮಾಸ್ತರನಿಗೆ ಕಲಿಮಾ ಯಾವಾಗ ಬಂತು ಎಂದು ಬದಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಎಡಗಡೆ ಹೆಗಲು ಕೊಟ್ಟಿದ್ದ ಮಂಜೂರನಿಗಷ್ಟೇ ಕೇಳಿಸಿತು.

"ಬಿಟ್ಟಿದ್ದಿಲ್ಲೋ, ಗುಡುಸಾಬ. ಗೆರಿ ಮುಟ್ಟೂತನಾ ಹುಡುಗ ದಮ್ಮು ಬಿಟ್ಟಿದ್ದಿಲ್ಲ."

ಮಂಜೂರ ತಲೆ ತಗ್ಗಿಸಿ, ಮಾಸ್ತರನ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿ ನಡೆದ.